ಖಾಲಿ ಹೊಟ್ಟೆಗೋ, ತುಪ್ಪದೂಟದ ಜೊತೆಗೋ?

ನಮ್ಮ ಕಡೆ ಜಂತುಹುಳದ ಮಾತ್ರೆಗೆ ಒಂದೇ ನಿಯಮ. ಬೆಳಗ್ಗೆ ಎದ್ದು, ಮುಖ ತೊಳೆದು, ಖಾಲಿ ಹೊಟ್ಟೆಗೆ ನುಂಗಬೇಕು. ಆಮೇಲೆ ಒಂದು ಗಂಟೆ ಏನೂ ತಿನ್ನಬಾರದು. ಯಾಕೆ ಅಂತ ಕೇಳಿದರೆ ಅಮ್ಮನ ಉತ್ತರ ರೆಡಿ. "ಹೊಟ್ಟೆ ಖಾಲಿ ಇದ್ರೆ ಹುಳ ಹಸ್ಕೊಂಡಿರ್ತವೆ. ಮಾತ್ರೆನ ಗಬಕ್ಕನೆ ತಿಂತವೆ."

ಚಿಕ್ಕವನಿದ್ದಾಗ ಈ ಲಾಜಿಕ್ ಎಷ್ಟು ಸರಿ ಅನ್ನಿಸಿತ್ತೆಂದರೆ, ಎಂಜಿನಿಯರಿಂಗ್ ಮುಗಿಸಿ ಎಂಟು ವರ್ಷ ಕೋಡ್ ಬರೆದ ಮೇಲೂ ಅದನ್ನು ಒಂದು ಸಲವೂ ಪ್ರಶ್ನೆ ಮಾಡಿರಲಿಲ್ಲ. ಹೋದ ವರ್ಷ ಜೂನ್‌ನಲ್ಲಿ ಅದೇ ನಿಯಮವನ್ನು ನನ್ನ ತಮ್ಮನ ಮೇಲೆ ಐದು ದಿನ ಜಾರಿಗೆ ತಂದೆ. ಅವನ ಹುಳ ಇದ್ದದ್ದು ಹೊಟ್ಟೆಯಲ್ಲಲ್ಲ, ತಲೆಯಲ್ಲಿ.

ತಮ್ಮನಿಗೆ ಇಪ್ಪತ್ತಾರು. ಬೆಂಗಳೂರಲ್ಲಿ ಪಿಜಿಯಲ್ಲಿದ್ದುಕೊಂಡು ಕೆಲಸ ಮಾಡ್ತಾನೆ. ಒಂದು ವೀಕೆಂಡ್ ಇಬ್ಬರೂ ತಿಪಟೂರು ಹತ್ತಿರದ ನಮ್ಮ ಊರಿಗೆ ಹೋಗಿದ್ದೆವು. ಭಾನುವಾರ ಬೆಳಗ್ಗೆ ಹಲ್ಲುಜ್ಜುತ್ತಾ ನಿಂತವನ ಬಲಗೈ ಒಂಥರಾ ಅದುರೋಕೆ ಶುರುವಾಯಿತು. ಅವನೇ ಅದನ್ನು ಆಶ್ಚರ್ಯದಿಂದ ನೋಡ್ತಾ ಇದ್ದ. ಮರುಕ್ಷಣ ಬಚ್ಚಲ ಬಾಗಿಲಲ್ಲೇ ಬಿದ್ದ. ಕೈಕಾಲು ಸೆಟೆದು, ಬಾಯಲ್ಲಿ ಪೇಸ್ಟಿನ ನೊರೆಯೋ ಬೇರೆ ನೊರೆಯೋ ಗೊತ್ತಾಗದ ಹಾಗೆ. ಅಮ್ಮ ಕಿರುಚಿಕೊಂಡು ಬೀಗದಕೈ ಗೊಂಚಲನ್ನು ಅವನ ಮುಷ್ಟಿಗೆ ತುರುಕಿದರು. ಪಕ್ಕದ ಮನೆ ಅಣ್ಣ ಬಾಯಿಗೆ ಚಮಚ ಇಡೋಕೆ ಓಡಿ ಬಂದ. ಬಾಯಿಗೆ ಏನೂ ಹಾಕಬಾರದು, ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು ಅನ್ನೋದನ್ನು ಆಫೀಸಿನ ಪ್ರಥಮ ಚಿಕಿತ್ಸೆ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಆ ಕ್ಲಾಸಿನಲ್ಲಿ ನನಗೆ ನೆನಪಿದ್ದದ್ದು ಅದೊಂದೇ. ಎರಡು ನಿಮಿಷವಿರಬೇಕು. ನನಗೆ ಅರ್ಧ ಗಂಟೆ ಅನ್ನಿಸಿತು.

ತಿಪಟೂರಿನಲ್ಲಿ ಇಂಜೆಕ್ಷನ್ ಕೊಟ್ಟು, ಫಿಟ್ಸ್ ನಿಲ್ಲಿಸೋ ಮಾತ್ರೆ ಬರೆದು, ಬೆಂಗಳೂರಿಗೆ ಕಳಿಸಿದರು. ಎಂಆರ್‌ಐ ಆಯಿತು. ಮಿದುಳಿನ ಎಡಭಾಗದ ಮೇಲ್ಪದರದಲ್ಲಿ ಉಂಗುರದ ಹಾಗೆ ಹೊಳೆಯೋ ಒಂದು ಚುಕ್ಕೆ, ಅದರೊಳಗೆ ಇನ್ನೊಂದು ಪುಟ್ಟ ಚುಕ್ಕೆ. ನ್ಯೂರಾಲಜಿಸ್ಟ್ ಮೇಡಂ ಪೆನ್ನಿನ ತುದಿಯಲ್ಲಿ ತೋರಿಸಿ, "ಇದು ಲಾಡಿಹುಳದ ಮರಿ. ಸುತ್ತ ಇರೋದು ಅದರ ಗೂಡು" ಅಂದರು. ನ್ಯೂರೋಸಿಸ್ಟಿಸರ್ಕೋಸಿಸ್ ಅಂತ ಹೆಸರು. ನಮ್ಮ ದೇಶದಲ್ಲಿ ದೊಡ್ಡವರಾದ ಮೇಲೆ ಫಿಟ್ಸ್ ಶುರುವಾಗೋದಕ್ಕೆ ಇದೊಂದು ಮುಖ್ಯ ಕಾರಣವಂತೆ.

ಅಮ್ಮನಿಗೆ ಅದು ಅವಮಾನದ ಹಾಗೆ ಕಂಡಿತು. "ನಾವು ಹಂದಿ ಮಾಂಸ ಮುಟ್ಟೋರೇ ಅಲ್ಲ ಮೇಡಂ" ಅಂತ ಎರಡೆರಡು ಸಲ ಹೇಳಿದರು. ಮೇಡಂ ನಕ್ಕರು. ಸರಿಯಾಗಿ ಬೇಯದ ಹಂದಿ ಮಾಂಸ ತಿಂದವರಿಗೆ ಬರೋದು ಕರುಳಲ್ಲಿ ವಾಸಿಸೋ ದೊಡ್ಡ ಲಾಡಿಹುಳ. ಮಿದುಳಿಗೆ ಹೋಗೋ ಮರಿಯ ದಾರಿಯೇ ಬೇರೆ. ಕರುಳಲ್ಲಿ ಆ ಹುಳ ಇರೋ ಯಾರೋ ಒಬ್ಬರ ಮಲದಲ್ಲಿ ಮೊಟ್ಟೆ ಹೊರಬರುತ್ತೆ. ಅವರು ಕೈ ತೊಳೆಯದೆ ಅಡುಗೆ ಮಾಡಿದರೆ, ಅಥವಾ ಆ ನೀರು ಸೊಪ್ಪು-ತರಕಾರಿಗೆ ಹರಿದರೆ, ಮೊಟ್ಟೆ ನಮ್ಮ ತಟ್ಟೆಗೆ ಬರುತ್ತೆ. ಹಸಿ ಕೊತ್ತಂಬರಿ ಸೊಪ್ಪು ಉದುರಿಸಿದ ಭೇಲ್‌ಪುರಿಗೆ ಸಸ್ಯಾಹಾರಿ-ಮಾಂಸಾಹಾರಿ ಭೇದವಿಲ್ಲ. ಕರುಳಲ್ಲಿ ಮೊಟ್ಟೆ ಒಡೆದು, ಮರಿ ರಕ್ತಕ್ಕೆ ಸೇರಿ, ಮಾಂಸಖಂಡಕ್ಕೋ ಕಣ್ಣಿಗೋ ಮಿದುಳಿಗೋ ಹೋಗಿ ಗೂಡು ಕಟ್ಟುತ್ತೆ. ಎಷ್ಟೋ ವರ್ಷ ಸುಮ್ಮನಿರಬಹುದು. ಅದು ಸಾಯೋಕೆ ಶುರುವಾದಾಗ ನಮ್ಮ ದೇಹ ಅದನ್ನು ಗುರುತಿಸಿ ಊದಿಕೊಳ್ಳುತ್ತೆ. ಫಿಟ್ಸ್ ಬರೋದು ಹೆಚ್ಚಾಗಿ ಆಗಲೇ.

ಔಷಧ ಬರೆದು ಕೊಟ್ಟರು. ಚೀಟಿ ನೋಡಿದರೆ ಅಲ್ಬೆಂಡಜೋಲ್ 400 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 14 ದಿನ.

ಅಲ್ಬೆಂಡಜೋಲ್! ಸ್ಕೂಲಲ್ಲಿ ಮಕ್ಕಳಿಗೆ ಕೊಡ್ತಾರಲ್ಲ, ಅದೇ ಜಂತುಹುಳದ ಮಾತ್ರೆ. ಅಷ್ಟು ದೊಡ್ಡ ಮಷೀನಿನೊಳಗೆ ತಮ್ಮನನ್ನು ತೂರಿಸಿ, ಕೊನೆಗೆ ಮೆಡಿಕಲ್ ಸ್ಟೋರಿನ ಅತಿ ಸಾಮಾನ್ಯ ಮಾತ್ರೆ ಕೈಗೆ ಬಂದಾಗ ಸಮಾಧಾನವೂ ಆಯಿತು, ಸಣ್ಣ ನಿರಾಸೆಯೂ ಆಯಿತು. ಜೊತೆಗೆ ಊತ ಇಳಿಸೋಕೆ ಸ್ಟೀರಾಯ್ಡ್, ಫಿಟ್ಸಿಗೆ ಬೇರೆ ಮಾತ್ರೆ. ಶುರು ಮಾಡೋ ಮೊದಲು ಕಣ್ಣಿನ ಡಾಕ್ಟರ ಹತ್ತಿರ ತೋರಿಸಿಕೊಂಡು ಬನ್ನಿ ಅಂದರು. ಕಣ್ಣೊಳಗೂ ಮರಿ ಇದ್ದು ಅದು ಔಷಧಕ್ಕೆ ಸತ್ತರೆ, ಅಲ್ಲಿನ ಊತದಿಂದ ದೃಷ್ಟಿಗೇ ಅಪಾಯ. ಕಣ್ಣು ಸ್ವಚ್ಛವಾಗಿತ್ತು.

ಮಾತ್ರೆಯ ಉಸ್ತುವಾರಿ ನಾನು ವಹಿಸಿಕೊಂಡೆ. ತಮ್ಮನನ್ನು ನನ್ನ ರೂಮಿಗೇ ಕರೆತಂದಿದ್ದೆ. ಅವನ ಫೋನಿಗೂ ನನ್ನ ಫೋನಿಗೂ ರಿಮೈಂಡರ್ ಹಾಕಿದೆ. ಸ್ಟೀರಾಯ್ಡ್ ತಿಂಡಿ ಆದ ಮೇಲೆ, ಫಿಟ್ಸಿನ ಮಾತ್ರೆ ಒಂಬತ್ತಕ್ಕೆ, ಜಂತುಹುಳದ್ದು ಬೆಳಗ್ಗೆ ಆರೂವರೆಗೆ ಮತ್ತು ಸಂಜೆ ಆರೂವರೆಗೆ, ಖಾಲಿ ಹೊಟ್ಟೆಗೆ. ಖಾಲಿ ಹೊಟ್ಟೆಗೆ ಅಂತ ಯಾರು ಹೇಳಿದರು? ಯಾರೂ ಇಲ್ಲ. ಚೀಟಿಯಲ್ಲಿ ಆ ಮಾತ್ರೆಯ ಮುಂದೆ 'ಪಿ.ಸಿ.' ಅಂತ ಎರಡಕ್ಷರ ಇತ್ತು. ದಿನಕ್ಕೆ ನೂರು ಸಲ ಪಿಸಿ ಅನ್ನೋ ಕಸುಬಿನವನು ನಾನು. ಅದೇನೋ ಕಂಪನಿ ಕೋಡ್ ಇರಬೇಕು ಅಂದುಕೊಂಡು ಮುಂದೆ ಹೋದೆ. ಅದು ಲ್ಯಾಟಿನ್ನಿನ 'ಪೋಸ್ಟ್ ಸಿಬುಮ್' ಅನ್ನೋದರ ಗಿಡ್ಡ ರೂಪ, ಅರ್ಥ 'ಊಟದ ನಂತರ' ಅಂತ ಗೊತ್ತಾದದ್ದು ಐದನೇ ದಿನ.

ಐದನೇ ದಿನ ರಕ್ತಪರೀಕ್ಷೆಯ ರಿಪೋರ್ಟ್ ತೋರಿಸೋಕೆ ಹೋಗಿದ್ದೆವು. ಮೇಡಂ ಮಾತಿನ ಮಧ್ಯೆ, "ಅಲ್ಬೆಂಡಜೋಲ್ ಊಟದ ಜೊತೆನೇ ತಗೋತಿದೀರಲ್ಲ? ತುಪ್ಪ ಗಿಪ್ಪ ಹಾಕ್ಕೊಂಡು?" ಅಂದರು.

ನಾನು ಹೆಮ್ಮೆಯಿಂದಲೇ ಹೇಳಿದೆ, "ಇಲ್ಲ ಮೇಡಂ, ಕರೆಕ್ಟಾಗಿ ಖಾಲಿ ಹೊಟ್ಟೆಗೆ. ರಿಮೈಂಡರ್ ಹಾಕಿದೀನಿ."

ಅವರು ಬರೆಯೋದು ನಿಲ್ಲಿಸಿ ನನ್ನ ಮುಖ ನೋಡಿದರು. ಬೈಯಲಿಲ್ಲ. ಆದರೆ ಒಂದು ಬಿಳಿ ಹಾಳೆ ಎಳೆದುಕೊಂಡು ಚಿತ್ರ ಬರೆದರು. ಈ ಲೇಖನದ ಮುಕ್ಕಾಲು ಪಾಲು ಆ ಹಾಳೆಯಿಂದ ಬಂದದ್ದು. ಉಳಿದದ್ದು ಆಮೇಲೆ ನಿದ್ದೆ ಬಾರದ ರಾತ್ರಿಗಳಲ್ಲಿ ಓದಿಕೊಂಡದ್ದು.

ಅಲ್ಬೆಂಡಜೋಲ್ ನೀರಲ್ಲಿ ಕರಗೋ ಪದಾರ್ಥವೇ ಅಲ್ಲ. ಕರಗದ್ದು ಕರುಳಿನ ಗೋಡೆ ದಾಟಿ ರಕ್ತಕ್ಕೆ ಹೋಗೋದಿಲ್ಲ. ಹಾಗಾಗಿ ನುಂಗಿದ್ದರಲ್ಲಿ ಮನುಷ್ಯನ ದೇಹ ಹೀರಿಕೊಳ್ಳೋದು ಶೇಕಡಾ 5ಕ್ಕಿಂತ ಕಡಿಮೆ. 400 ಮಿಲಿಗ್ರಾಂ ಮಾತ್ರೆಯಲ್ಲಿ 20 ಮಿಲಿಗ್ರಾಂ ಕೂಡ ಒಳಗೆ ಹೋಗಲಿಲ್ಲ ಅನ್ನಿ. ಮಿಕ್ಕಿದ್ದೆಲ್ಲ ಕರುಳಲ್ಲೇ ಸಾಗಿ ಹೊರಗೆ.

ಕೇಳಿದರೆ ಇದೆಂಥ ದಂಡದ ಮಾತ್ರೆ ಅನ್ನಿಸುತ್ತೆ. ಆದರೆ ಹುಳ ಕರುಳಲ್ಲೇ ಇದ್ದರೆ? ಆಗ ಇದೇ ದೋಷ ದೊಡ್ಡ ಗುಣ. ದುಂಡುಹುಳ, ಕೊಕ್ಕೆಹುಳ ಇರೋದೇ ಕರುಳಿನೊಳಗೆ. ಔಷಧ ರಕ್ತಕ್ಕೆ ಹೋಗದೆ ಅಲ್ಲೇ ಉಳಿದರೆ ಹುಳ ಔಷಧದಲ್ಲೇ ಮುಳುಗಿದ ಹಾಗೆ. ನಮ್ಮ ದೇಹಕ್ಕೆ ತಾಗೋದು ಕಡಿಮೆ, ಹುಳಕ್ಕೆ ತಾಗೋದು ಜಾಸ್ತಿ. ಹುಳದ ಜೀವಕೋಶದೊಳಗೆ ಸರಕು ಸಾಗಿಸೋ ಸಣ್ಣ ಕೊಳವೆಗಳಿವೆ. ಅವು ಟ್ಯೂಬುಲಿನ್ ಅನ್ನೋ ಪ್ರೋಟೀನಿನಿಂದ ಆಗಿರುತ್ತವೆ. ಅಲ್ಬೆಂಡಜೋಲ್ ಆ ಟ್ಯೂಬುಲಿನ್‌ಗೆ ಅಂಟಿಕೊಂಡು ಕೊಳವೆ ಕಟ್ಟದ ಹಾಗೆ ಮಾಡುತ್ತೆ. ಹುಳಕ್ಕೆ ಗ್ಲೂಕೋಸ್ ಹೀರಿಕೊಳ್ಳೋಕೆ ಆಗೋದಿಲ್ಲ, ಶಕ್ತಿ ಖರ್ಚಾಗಿ ಸಾಯುತ್ತೆ. ಅಂದರೆ ಅಮ್ಮ ಹೇಳಿದ ಹಸಿವಿನ ಕಥೆಯಲ್ಲಿ ಹಸಿವು ನಿಜ. ಮಾತ್ರೆಗೆ ಮೊದಲಲ್ಲ, ಆಮೇಲೆ ಅಷ್ಟೆ.

ಈಗ ತಮ್ಮನ ಕೇಸು ನೋಡಿ. ಅವನ ಕರುಳಲ್ಲಿ ಹುಳವಿಲ್ಲ. ಔಷಧ ಕರುಳು ದಾಟಬೇಕು, ರಕ್ತಕ್ಕೆ ಬರಬೇಕು, ಲಿವರ್ ಮೂಲಕ ಹೋಗಬೇಕು, ಅಲ್ಲಿಂದ ಮಿದುಳಿನ ಕಾವಲು ದಾಟಿ ಆ ಗೂಡಿನೊಳಗೆ ಇಳಿಯಬೇಕು. ಲಿವರ್‌ನಲ್ಲಿ ಅಲ್ಬೆಂಡಜೋಲ್ ವೇಷ ಬದಲಿಸಿ ಅಲ್ಬೆಂಡಜೋಲ್ ಸಲ್ಫಾಕ್ಸೈಡ್ ಆಗುತ್ತೆ. ರಕ್ತದಲ್ಲಿ ಓಡಾಡಿ ಕೆಲಸ ಮಾಡೋದು ಈ ಎರಡನೇ ವೇಷ. ಮೂಲ ಔಷಧ ರಕ್ತದಲ್ಲಿ ಹುಡುಕಿದರೂ ಸಿಗೋದು ಕಷ್ಟ. ಸಲ್ಫಾಕ್ಸೈಡಿನ ಪ್ರಮಾಣ ಅರ್ಧಕ್ಕೆ ಇಳಿಯೋಕೆ 8ರಿಂದ 12 ಗಂಟೆ ಬೇಕು. ದಿನಕ್ಕೆ ಎರಡು ಸಲ ಕೊಡೋದು ಅದಕ್ಕೇ.

ಇಡೀ ದಾರಿಯಲ್ಲಿ ಇಕ್ಕಟ್ಟಿನ ಜಾಗ ಯಾವುದು ಅಂದರೆ ಮೊದಲನೇ ಗೇಟೇ. ಕರಗುವುದು. ಅಲ್ಲಿಗೆ ಬರುತ್ತೆ ತುಪ್ಪ. ಜಿಡ್ಡಿನ ಊಟ ಹೊಟ್ಟೆಗೆ ಬಿದ್ದರೆ ಪಿತ್ತಕೋಶ ಹಿಂಡಿಕೊಂಡು ಪಿತ್ತರಸ ಬಿಡುತ್ತೆ. ಪಾತ್ರೆಯ ಜಿಡ್ಡನ್ನು ಸೋಪು ನೀರಿಗೆ ಬೆರೆಸೋ ಹಾಗೆ ಪಿತ್ತರಸ ಕೊಬ್ಬನ್ನು ಸಣ್ಣ ಸಣ್ಣ ಹನಿಯಾಗಿ ಒಡೆಯುತ್ತೆ. ನೀರಿಗೆ ಜಗ್ಗದ ಅಲ್ಬೆಂಡಜೋಲ್ ಆ ಹನಿಗಳ ಬೆನ್ನೇರಿ ಕರುಳಿನ ಗೋಡೆ ತಲುಪುತ್ತೆ. ಸುಮಾರು 40 ಗ್ರಾಂ ಕೊಬ್ಬಿರೋ ಊಟದ ಜೊತೆ ತಗೊಂಡರೆ ರಕ್ತದಲ್ಲಿ ಸಲ್ಫಾಕ್ಸೈಡಿನ ಮಟ್ಟ ಖಾಲಿ ಹೊಟ್ಟೆಗಿಂತ ಐದು ಪಟ್ಟಿನವರೆಗೂ ಏರಬಹುದು. ಔಷಧದ ಜೊತೆ ಬರೋ ಮಾಹಿತಿಯಲ್ಲೇ ಈ ಲೆಕ್ಕ ಇದೆ.

ಐದು ಪಟ್ಟು! ನಮ್ಮ ಕೆಲಸದಲ್ಲಿ ಒಂದು ಸಿಸ್ಟಮ್ ಐದು ಪಟ್ಟು ವೇಗವಾಗಿ ಓಡಿಸಿ ಅಂದರೆ ಮೂರು ತಿಂಗಳ ಪ್ರಾಜೆಕ್ಟು. ಇಲ್ಲಿ ಮಾತ್ರೆ ಬದಲಿಸದೆ, ಡೋಸ್ ಏರಿಸದೆ, ಬರೀ ಊಟದ ಹೊತ್ತು ಬದಲಿಸಿದರೆ ಸಿಗೋದು. ಅದನ್ನು ನಾನು ಎರಡು ಫೋನು, ನಾಲ್ಕು ರಿಮೈಂಡರ್ ಇಟ್ಟುಕೊಂಡು, ಶಿಸ್ತಾಗಿ ತಪ್ಪಿಸಿದ್ದೆ.

"ಹಂಗಾದ್ರೆ ಐದು ದಿನದ್ದು ವೇಸ್ಟಾ ಮೇಡಂ?" ಅಂದೆ. ಗಂಟಲು ಒಣಗಿತ್ತು.

"ಪೂರ್ತಿ ವೇಸ್ಟ್ ಅಂತ ಹೇಳೋಕಾಗಲ್ಲ. ಸ್ವಲ್ಪ ಹೋಗೇ ಇರುತ್ತೆ. ಲಿವರ್ ರಿಪೋರ್ಟ್ ಚೆನ್ನಾಗಿದೆ. ಹದಿನಾಲ್ಕು ದಿನ ಇವತ್ತಿಂದ ಎಣಿಸೋಣ. ಸ್ಟೀರಾಯ್ಡೂ ಅದಕ್ಕೆ ತಕ್ಕಂಗೆ ಮುಂದುವರಿಸ್ತೀನಿ" ಅಂದರು. ಗ್ರಾಂ ಲೆಕ್ಕ ಹಾಕಿ ಕೂರಬೇಡಿ, ಆದರೆ ಒಣ ಊಟದ ಜೊತೆ ಕೊಡಬೇಡಿ ಅಂತಲೂ ಹೇಳಿದರು.

ನಾನು ಲೆಕ್ಕ ಹಾಕದೆ ಇರ್ತೀನಾ? ಒಂದು ಟೀ ಚಮಚ ತುಪ್ಪ ಅಂದರೆ ಸುಮಾರು 5 ಗ್ರಾಂ ಕೊಬ್ಬು. ಒಂದು ಮೊಟ್ಟೆ, ಇನ್ನೊಂದು 5. ಒಂದು ಹಿಡಿ ತೆಂಗಿನಕಾಯಿ ತುರಿ, ಹತ್ತರ ಆಸುಪಾಸು. ಇನ್ನು ನಮ್ಮನೆ ದಿನದ ಊಟ, ಅಂದರೆ ಮುದ್ದೆ, ಉಪ್ಸಾರು, ಕಾರ. ರಾಗಿಯಲ್ಲಿ ನೂರು ಗ್ರಾಂಗೆ ಎರಡು ಗ್ರಾಂ ಆಸುಪಾಸು ಕೊಬ್ಬು. ಆರೋಗ್ಯಕ್ಕೆ ಅದಕ್ಕಿಂತ ಒಳ್ಳೇ ಊಟ ಇಲ್ಲ ನಿಜ, ಆದರೆ ಈ ಮಾತ್ರೆಯ ಮಟ್ಟಿಗೆ ಮುದ್ದೆ ಉಂಡದ್ದೂ ಒಂದೇ, ಉಪವಾಸವಿದ್ದದ್ದೂ ಹೆಚ್ಚುಕಮ್ಮಿ ಒಂದೇ. ಅಮ್ಮ ಊರಿಂದ ತುಪ್ಪದ ಡಬ್ಬಿ ಹೊತ್ತು ಬಂದರು. ಬೆಳಗ್ಗೆ ತುಪ್ಪದ ದೋಸೆ, ಕಾಯಿ ಚಟ್ನಿ, ಮೊಟ್ಟೆ. ರಾತ್ರಿ ತುಪ್ಪದಲ್ಲಿ ತೇಲೋ ಅನ್ನ. ಡಯಟ್ ಅಂತ ಒಂದು ವರ್ಷದಿಂದ ಎಣ್ಣೆ ಮುಟ್ಟದೆ ಓಡಾಡ್ತಿದ್ದ ತಮ್ಮ, "ಹುಳ ಸಾಯೋ ಹೊತ್ತಿಗೆ ನನ್ನ ಹಾರ್ಟ್ ಹೋಗುತ್ತೆ ಕಣೋ" ಅಂದ. ಅವನು ಜೋಕ್ ಮಾಡಿದ್ದು ಕೇಳಿ ಎರಡು ವಾರದಲ್ಲಿ ಮೊದಲ ಸಲ ಅಮ್ಮ ನಕ್ಕರು.

ಒಂದು ಮಾತು ಅಮ್ಮನ ಪರವಾಗಿ ಹೇಳಲೇಬೇಕು. ಖಾಲಿ ಹೊಟ್ಟೆಯ ನಿಯಮ ಅವರಿಗೆ ಎಲ್ಲಿಂದ ಬಂತು ಅಂತ ಕೆದಕಿದಾಗ ಸಿಕ್ಕಿದ್ದು ನಮ್ಮ ಸೋದರಮಾವನ ಕುರಿ ಹಟ್ಟಿ. ಅಲ್ಬೆಂಡಜೋಲ್ ಮೊದಲು ಬಂದದ್ದು ಜಾನುವಾರುಗಳ ಔಷಧವಾಗಿಯೇ, ಮನುಷ್ಯರಿಗೆ ಆಮೇಲೆ. ಈಗಲೂ ಕುರಿ ಸಾಕೋರ ಮನೆಯಲ್ಲಿ ಅದರ ಬಿಳಿ ಔಷಧದ ಬಾಟಲಿ ಇದ್ದೇ ಇರುತ್ತೆ. ಮಾವ ಕುರಿಗಳನ್ನು ರಾತ್ರಿ ಮೇವಿಲ್ಲದೆ ಕಟ್ಟಿ, ಬೆಳಗ್ಗೆ ಮೇಯೋಕೆ ಬಿಡೋ ಮುಂಚೆ ಕುಡಿಸ್ತಾರೆ. ಕುರಿಗೆ ಅದು ಸರಿಯೇ! ಮೆಲುಕು ಹಾಕೋ ಪ್ರಾಣಿಗಳ ಮೊದಲ ಹೊಟ್ಟೆ ಒಂದು ದೊಡ್ಡ ಗೋದಾಮಿನ ಹಾಗೆ. ಮೇವು ಕಡಿಮೆ ಇದ್ದರೆ ಅಲ್ಲಿಂದ ಸರಕು ನಿಧಾನವಾಗಿ ಮುಂದಕ್ಕೆ ಹೋಗುತ್ತೆ, ಔಷಧ ಹೆಚ್ಚು ಹೊತ್ತು ನಿಂತು ಹೆಚ್ಚು ಹೀರಿಕೆಯಾಗುತ್ತೆ. ಪಶುವೈದ್ಯರೂ ಇದನ್ನು ಒಪ್ಪುತ್ತಾರೆ. ಕುರಿಗೆ ಹಸಿವು, ಮನುಷ್ಯನಿಗೆ ತುಪ್ಪ. ಔಷಧ ಒಂದೇ, ಹೊಟ್ಟೆ ಬೇರೆ. ಅಮ್ಮನ ತಿಳಿವಳಿಕೆ ತಪ್ಪಲ್ಲ, ಜಾತಿ ತಪ್ಪಿ ಬಂದಿತ್ತು ಅಷ್ಟೆ.

ಡೋಸಿನ ವಿಷಯದಲ್ಲೂ ಇದೇ ಕರುಳಿನ ಒಳಗು-ಹೊರಗಿನ ಆಟ. ಅರಸೀಕೆರೆಯಲ್ಲಿರೋ ಅಕ್ಕನ ಮಗಳಿಗೆ ಆಗ ಮೂರು ವರ್ಷ, ತೂಕ 13 ಕೆಜಿ. ನಾನು 78. ಕರುಳಿನ ಹುಳಕ್ಕೆ ನಮ್ಮಿಬ್ಬರಿಗೂ ಒಂದೇ ಡೋಸ್, 400 ಮಿಲಿಗ್ರಾಂ ಒಂದೇ ಸಲ. ಒಂದರಿಂದ ಎರಡು ವರ್ಷದ ಮಗುವಿಗೆ ಮಾತ್ರ ಅರ್ಧ, 200. ಮೊದಲು ಇದು ನನಗೆ ಬಗ್ ಅನ್ನಿಸಿತ್ತು. ಆರು ಪಟ್ಟು ತೂಕದ ವ್ಯತ್ಯಾಸಕ್ಕೆ ಒಂದೇ ಡೋಸಾ? ಯೋಚಿಸಿದರೆ ಗೊತ್ತಾಗುತ್ತೆ. ಔಷಧ ಹಂಚಿಕೆಯಾಗಬೇಕಾದ್ದು ನಮ್ಮ ತೂಕಕ್ಕಲ್ಲ, ಕರುಳಿಗೆ. ದೇಹದೊಳಗೆ ಹೋಗೋದು ಅಷ್ಟು ಕಡಿಮೆ ಇರೋದರಿಂದ, ಒಂದೇ ಡೋಸಿಗೆ ಸುರಕ್ಷತೆಯ ಅಂತರವೂ ದೊಡ್ಡದು. ಅಂಗನವಾಡಿ, ಶಾಲೆಯಲ್ಲಿ ಸಾಲಾಗಿ ನಿಲ್ಲಿಸಿ, ತಕ್ಕಡಿ ಇಲ್ಲದೆ ಎಲ್ಲರಿಗೂ ಒಂದೊಂದು ಕೊಡೋಕೆ ಆಗೋದು ಇದರಿಂದಲೇ. 2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಿಂತಿರೋದು ಈ ಸರಳ ಲೆಕ್ಕದ ಮೇಲೆ. ಫೆಬ್ರವರಿ 10, ಆಗಸ್ಟ್ 10, ಒಂದರಿಂದ ಹತ್ತೊಂಬತ್ತು ವರ್ಷದವರಿಗೆ. ಹೊಟ್ಟೆ ತುಂಬಿದೆಯೋ ಖಾಲಿಯೋ ಅನ್ನೋ ತಲೆಬಿಸಿ ಬೇಡ. ಚೆನ್ನಾಗಿ ಅಗಿದು ತಿನ್ನಬೇಕು ಅಷ್ಟೆ. ಪುಟ್ಟ ಮಕ್ಕಳಿಗೆ ಪುಡಿ ಮಾಡಿ ನೀರಲ್ಲಿ ಕಲಸಿ ಕೊಡಬೇಕು, ಇಡೀ ಮಾತ್ರೆ ಗಂಟಲಲ್ಲಿ ಸಿಕ್ಕಿಕೊಳ್ಳಬಾರದು.

ಮಿದುಳಿಗೆ ಕಳಿಸುವಾಗ ಮಾತ್ರ ತಕ್ಕಡಿ ಬರುತ್ತೆ. ಕೆಜಿಗೆ 15 ಮಿಲಿಗ್ರಾಂ, ದಿನಕ್ಕೆ, ಎರಡು ಭಾಗ ಮಾಡಿ. ತಮ್ಮ 58 ಕೆಜಿ. ಲೆಕ್ಕ 870 ಬರುತ್ತೆ. ಆದರೆ ದಿನಕ್ಕೆ 800 ದಾಟೋ ಹಾಗಿಲ್ಲ ಅಂತ ಮಿತಿ. ಹಾಗಾಗಿ 400, 400. ಗೂಡು ಎರಡಕ್ಕಿಂತ ಹೆಚ್ಚಿದ್ದರೆ ಪ್ರಾಜಿಕ್ವಾಂಟೆಲ್ ಅನ್ನೋ ಇನ್ನೊಂದು ಔಷಧವನ್ನೂ ಸೇರಿಸ್ತಾರಂತೆ.

ಜೊತೆಗಿರೋ ಮಾತ್ರೆಗಳೂ ಸುಮ್ಮನಿರೋದಿಲ್ಲ. ಊತಕ್ಕೆ ಕೊಡೋ ಡೆಕ್ಸಾಮೆಥಸೋನ್ ಸ್ಟೀರಾಯ್ಡ್ ರಕ್ತದಲ್ಲಿ ಸಲ್ಫಾಕ್ಸೈಡಿನ ಮಟ್ಟ ಏರಿಸುತ್ತೆ, ಪ್ರಾಜಿಕ್ವಾಂಟೆಲ್‌ನ ಮಟ್ಟ ಇಳಿಸುತ್ತೆ. ಫಿಟ್ಸಿಗೆ ಕೊಡೋ ಹಳೇ ಔಷಧಗಳಾದ ಫೆನಿಟಾಯಿನ್, ಕಾರ್ಬಮಜೆಪೈನ್, ಫಿನೋಬಾರ್ಬಿಟಾಲ್ ಸಲ್ಫಾಕ್ಸೈಡ್ ಬೇಗ ಕರಗಿ ಹೋಗೋ ಹಾಗೆ ಮಾಡುತ್ತವೆ. ಫಿಟ್ಸ್ ನಿಲ್ಲಿಸೋ ಮಾತ್ರೆಯೇ ಫಿಟ್ಸಿನ ಕಾರಣವನ್ನು ಕೊಲ್ಲೋ ಮಾತ್ರೆಯ ಕಾಲೆಳೆದ ಹಾಗೆ. ತಿಪಟೂರಲ್ಲಿ ಶುರು ಮಾಡಿದ್ದು ಫೆನಿಟಾಯಿನ್. ಬೆಂಗಳೂರಲ್ಲಿ ಮೇಡಂ ಅದನ್ನು ಲೆವಿಟಿರಾಸೆಟಮ್‌ಗೆ ಬದಲಿಸಿದ್ದರು. ಅದಕ್ಕೆ ಈ ಕಾಟ ಇಲ್ಲ. ಆವತ್ತು ನಮಗೆ ಅದು ಬರೀ ದುಬಾರಿ ಮಾತ್ರೆ ಅನ್ನಿಸಿತ್ತು. ಗ್ರೇಪ್‌ಫ್ರೂಟ್ ಅಂತ ಒಂದು ಹಣ್ಣಿದೆಯಲ್ಲ, ನಮ್ಮ ದೇವನಹಳ್ಳಿ ಚಕ್ಕೋತದ ದಾಯಾದಿ, ಅದರ ರಸವೂ ಈ ಔಷಧದ ಮಟ್ಟ ಏರಿಸುತ್ತೆ. ಹಾಗಂತ ತುಪ್ಪದ ಬದಲು ಜ್ಯೂಸ್ ಕುಡಿಸಿ ನೋಡೋಣ ಅನ್ನಬೇಡಿ. ಎಷ್ಟು ಏರುತ್ತೆ ಅನ್ನೋದು ನಮ್ಮ ಹಿಡಿತದಲ್ಲಿ ಇರೋದಿಲ್ಲ.

ಹೀರಿಕೆ ಜಾಸ್ತಿ ಆದರೆ ಯಾವಾಗಲೂ ಒಳ್ಳೆಯದು ಅಂತಲೂ ಅಲ್ಲ. ಇದಕ್ಕೆ ತದ್ವಿರುದ್ಧದ ಕಥೆ ನನ್ನ ಪಕ್ಕದ ಡೆಸ್ಕಿನಲ್ಲೇ ಇತ್ತು. ಟೀಮಿನ ಗೆಳೆಯನೊಬ್ಬನಿಗೆ ಆರು ತಿಂಗಳಲ್ಲಿ ಎರಡು ಸಲ ಅಮೀಬಿಯಾಸಿಸ್. ಎರಡೂ ಸಲ ಮೆಟ್ರೊನಿಡಜೋಲ್ ಕೋರ್ಸ್ ಪೂರ್ತಿ ಮುಗಿಸಿದ್ದ, ಬಾಯೆಲ್ಲ ತಾಮ್ರದ ಚೊಂಬು ನೆಕ್ಕಿದ ರುಚಿ ಅಂತ ಬೈಕೊಂಡೇ. ಮತ್ತೆ ಯಾಕೆ ಬಂತು? ಹೊರಗಿನ ಊಟದಿಂದ ಹೊಸದಾಗಿಯೂ ಬಂದಿರಬಹುದು. ಆದರೆ ಇನ್ನೊಂದು ಕಾರಣವೂ ಉಂಟು. ಮೆಟ್ರೊನಿಡಜೋಲ್ ಅಲ್ಬೆಂಡಜೋಲಿನ ಉಲ್ಟಾ. ಹೆಚ್ಚುಕಮ್ಮಿ ಪೂರ್ತಿಯಾಗಿ, ಅದೂ ಸಣ್ಣಕರುಳಲ್ಲೇ ಹೀರಿಕೆಯಾಗಿ ಬಿಡುತ್ತೆ. ಕರುಳಿನ ಗೋಡೆ ಕೊರೆದು ಒಳಹೊಕ್ಕ ಅಮೀಬಾವನ್ನೂ, ಲಿವರಿಗೆ ಹೋಗಿ ಕೀವುಗಟ್ಟಿಸಿದ್ದನ್ನೂ ರಕ್ತದ ಮೂಲಕ ಹುಡುಕಿ ಕೊಲ್ಲುತ್ತೆ. ಆದರೆ ದೊಡ್ಡಕರುಳಿನ ಪೊಳ್ಳಿನಲ್ಲಿ ಗಟ್ಟಿ ಕವಚ ಹೊದ್ದು ಕೂತ ಅಮೀಬಾದ ಹತ್ತಿರಕ್ಕೆ ಹೋಗೋ ಹೊತ್ತಿಗೆ ಔಷಧವೇ ಖಾಲಿ. ಬೇನೆ ನಿಲ್ಲುತ್ತೆ, ಬೇರು ಉಳಿಯುತ್ತೆ. ಅದಕ್ಕೇ ಇದಾದ ಮೇಲೆ ಕರುಳಲ್ಲೇ ಉಳಿದು ಕೆಲಸ ಮಾಡೋ ಡೈಲಾಕ್ಸನೈಡ್ ಫ್ಯೂರೊಯೇಟ್ 500 ಮಿಲಿಗ್ರಾಂ ದಿನಕ್ಕೆ ಮೂರು ಸಲ 10 ದಿನ, ಅಥವಾ ಪ್ಯಾರೊಮೊಮೈಸಿನ್ ಕೊಡೋದು ಕ್ರಮ. ಗೆಳೆಯನಿಗೆ ಈ ಎರಡನೇ ಭಾಗ ಸಿಕ್ಕಿರಲೇ ಇಲ್ಲ, ಯಾಕೆಂದರೆ ಎರಡನೇ ಸಲ ಅವನು ಡಾಕ್ಟರ ಹತ್ತಿರ ಹೋಗಿರಲಿಲ್ಲ, ಹಳೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಿಂದ ತಂದಿದ್ದ. ಭೇದಿ ಅಂದ ಕೂಡಲೇ ಎರಡು ಔಷಧ ಬೆರೆಸಿದ ಮಾತ್ರೆಯ ಸ್ಟ್ರಿಪ್ಪಲ್ಲಿ ನಾಲ್ಕು ಕತ್ತರಿಸಿ ಕೊಡೋ ಅಂಗಡಿಗಳು ನಮ್ಮ ಪಿಜಿ ಬೀದಿಗಳಲ್ಲಿ ಎಷ್ಟಿವೆ, ನಿಮಗೇ ಗೊತ್ತು.

ಕರುಳೊಳಗಿನ ಲಾಡಿಹುಳಕ್ಕೂ ಇಂಥದೇ ಲೆಕ್ಕ. ನಿಕ್ಲೊಸಮೈಡ್ ಅನ್ನೋ ಔಷಧ ರಕ್ತಕ್ಕೆ ಹೋಗೋದೇ ಇಲ್ಲ ಅನ್ನೋಷ್ಟು ಕಡಿಮೆ. ಅದೇ ಅದರ ಹೆಗ್ಗಳಿಕೆ. ಗೊತ್ತಿಲ್ಲದೆ ಮಿದುಳಲ್ಲಿ ಗೂಡು ಇಟ್ಟುಕೊಂಡಿರೋ ಮನುಷ್ಯನಿಗೆ, ಮಿದುಳು ತಲುಪೋ ಔಷಧ ಕೊಟ್ಟರೆ ಆ ಮರಿಗಳು ಒಮ್ಮೆಲೇ ಸಾಯತೊಡಗಿ ಫಿಟ್ಸ್ ಬರಬಹುದು. ಹೊಟ್ಟೆಯ ಹುಳಕ್ಕೆ ಮಾತ್ರೆ ತಿಂದು ತಲೆ ಕೆಡಿಸಿಕೊಂಡ ಹಾಗೆ, ಅಕ್ಷರಶಃ. ತಮ್ಮನಿಗೆ ಸ್ಟೀರಾಯ್ಡಿನ ರಕ್ಷಣೆ ಕೊಟ್ಟು ಆಮೇಲೆ ಅಲ್ಬೆಂಡಜೋಲ್ ಕೊಟ್ಟದ್ದು ಇದೇ ಭಯಕ್ಕೆ. ಇದನ್ನು ಓದಿದವರು ಯಾರಾದರೂ ತಲೆನೋವು ಅಂತ ಹದಿನಾಲ್ಕು ದಿನ ತುಪ್ಪದ ಜೊತೆ ಅಲ್ಬೆಂಡಜೋಲ್ ತಿಂದೀರಿ, ದಯವಿಟ್ಟು ಬೇಡ. ವರ್ಷಕ್ಕೆ ಒಂದೋ ಎರಡೋ ಮಾತ್ರೆ ಬೇರೆ, ದಿನಕ್ಕೆರಡರಂತೆ ವಾರಗಟ್ಟಲೆ ಬೇರೆ. ಎರಡನೆಯದಕ್ಕೆ ಲಿವರ್, ಬಿಳಿ ರಕ್ತಕಣ ಎರಡನ್ನೂ ಪರೀಕ್ಷೆ ಮಾಡಿಸ್ತಾ ಇರಬೇಕು. ಬಸಿರಿನ ಮೊದಲ ಮೂರು ತಿಂಗಳಲ್ಲಂತೂ ಈ ಮಾತ್ರೆಯೇ ಬೇಡ.

ಮಕ್ಕಳಿರೋ ಮನೆಯವರಿಗೆ ಇನ್ನೊಂದು ಸಣ್ಣ ವಿಷಯ. ರಾತ್ರಿ ಮಗು ಕೂತಲ್ಲಿ ನಿಂತಲ್ಲಿ ಹಿಂದೆ ಕೆರ್ಕೊಳ್ಳುತ್ತೆ ಅಂದರೆ ದಾರದ ಚೂರಿನಂಥ ಬಿಳಿ ಹುಳ, ಪಿನ್‌ವರ್ಮ್. ಅದರ ಹೆಣ್ಣು ರಾತ್ರಿ ಹೊತ್ತು ಕರುಳಿಂದ ಹೊರಗೆ ಬಂದು ಚರ್ಮದ ಮೇಲೆ ಮೊಟ್ಟೆ ಇಡುತ್ತೆ. ಆ ಮೊಟ್ಟೆ ಉಗುರಿಗೆ, ಹಾಸಿಗೆಗೆ, ಅಲ್ಲಿಂದ ಮನೆಯವರೆಲ್ಲರಿಗೆ. ಕರುಳೊಳಗೆ ಕೆಲಸ ಮಾಡೋ ಮಾತ್ರೆ ಹಾಸಿಗೆ ಮೇಲಿನ ಮೊಟ್ಟೆಯನ್ನು ಏನು ಮಾಡೀತು? ಎರಡು ವಾರ ಬಿಟ್ಟು ಎರಡನೇ ಡೋಸ್ ಕೊಡೋದು, ಮನೆಯವರೆಲ್ಲರಿಗೂ ಒಟ್ಟಿಗೆ ಕೊಡೋದು ಅದಕ್ಕೇ. ಮೊದಲ ಮಾತ್ರೆಗೆ ಕೆರೆತ ನಿಂತಿತಲ್ಲ ಅಂತ ಎರಡನೆಯದನ್ನು ಫ್ರಿಜ್ಜಿನ ಮೇಲೆ ಮರೆಯೋರು ನಮ್ಮಲ್ಲಿ ಮುಕ್ಕಾಲು ಜನ. ಆಮೇಲೆ ಮಾತ್ರೆಯನ್ನೇ ಬೈಯೋದು.

ತಮ್ಮನ ಹದಿನಾಲ್ಕು ದಿನ ಮುಗಿಯಿತು. ಮಧ್ಯೆ ಒಂಬತ್ತನೇ ದಿನ ರಾತ್ರಿ ಒಮ್ಮೆ ಬಲಗೈ ಅದುರಿ ನಿಂತಿತು. ಊಟದ ತಟ್ಟೆ ಮುಂದೆ ನಾವು ಮೂವರೂ ಆ ಕೈಯನ್ನೇ ನೋಡ್ತಾ ಕೂತಿದ್ದೆವು. ಮೇಡಂಗೆ ಫೋನ್ ಮಾಡಿದರೆ, ಮರಿ ಸಾಯೋವಾಗ ಹೀಗಾಗಬಹುದು ಅಂದು ಸ್ಟೀರಾಯ್ಡ್ ಸ್ವಲ್ಪ ಹೆಚ್ಚಿಸಿದರು. ಅವತ್ತು ರಾತ್ರಿ ನನ್ನ ತಲೆಯಲ್ಲಿ ಓಡ್ತಿದ್ದದ್ದು ಒಂದೇ. ಮೊದಲಿಂದ ಸರಿಯಾಗಿ ಕೊಟ್ಟಿದ್ದರೆ ಇಷ್ಟೊತ್ತಿಗೆ ಮುಗಿದಿರ್ತಿತ್ತಾ?

ಆರು ತಿಂಗಳಾದ ಮೇಲೆ ಮತ್ತೆ ಸ್ಕ್ಯಾನ್ ಮಾಡಿಸಿದೆವು. ಉಂಗುರ ಹೋಗಿತ್ತು. ಅದಿದ್ದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಸುಣ್ಣದ ಚುಕ್ಕೆ ಉಳಿದಿತ್ತು. ಹುಳ ಸತ್ತಿದೆ, ಆದರೆ ಆ ಚುಕ್ಕೆಯೂ ಒಮ್ಮೊಮ್ಮೆ ಫಿಟ್ಸ್ ತರಬಹುದು, ಅದಕ್ಕೆ ಲೆವಿಟಿರಾಸೆಟಮ್ ಮುಂದುವರಿಸಿ, ಬೈಕ್ ಸದ್ಯಕ್ಕೆ ಬೇಡ ಅಂದರು. ಆ ಐದು ದಿನದ್ದು ಏನಾದರೂ ಪಾತ್ರ ಇದೆಯಾ ಅಂತ ಕೇಳಿದೆ. "ಅದನ್ನ ಯಾರೂ ಹೇಳೋಕಾಗಲ್ಲ" ಅಂದರು. ತಮ್ಮ ನನ್ನ ಬೆನ್ನು ತಟ್ಟಿ, "ಬಿಡೋ, ನಿನ್ನ ಕೋಡ್‌ನಲ್ಲಿ ಬಗ್ ಇರೋದು ಹೊಸದಾ" ಅಂದ. ಅವನ ಬೈಕು ಈಗಲೂ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ನಿಂತಿದೆ. ವಾರಕ್ಕೊಂದು ಸಲ ನಾನೇ ಹೋಗಿ ಸ್ಟಾರ್ಟ್ ಮಾಡಿ ಬರ್ತೀನಿ.

ಈ ಸಲ ಫೆಬ್ರವರಿ 10ರ ಬೆಳಗ್ಗೆ ಎಂಟಕ್ಕೇ ಅಕ್ಕನ ಫೋನ್ ಬಂತು. ಅಂಗನವಾಡಿಯಲ್ಲಿ ಪಾಪುಗೆ ಮಾತ್ರೆ ಕೊಡ್ತಾರಂತೆ.

"ಅಲ್ವೋ, ತುಪ್ಪ ಹಾಕಿ ಅನ್ನ ತಿನ್ಸಿ ಕಳಿಸ್ಲಾ?"

"ಬೇಡ ಅಕ್ಕ. ಅವಳ ಹುಳ ಇದ್ರೆ ಹೊಟ್ಟೆಲಿರುತ್ತೆ. ಇಡ್ಲಿ ತಿನ್ಸಿ ಕಳ್ಸು. ಮಾತ್ರೆನ ಪುಡಿ ಮಾಡಿ ಕೊಡೋಕೆ ಹೇಳು."

"ಅಮ್ಮ ಖಾಲಿ ಹೊಟ್ಟೆಲಿ ಕಳ್ಸು ಅಂತಾವ್ರೆ."

"ಅದು ಕುರಿಗೆ ಅಕ್ಕ" ಅಂದೆ. ಆ ಕಡೆ ಸ್ಪೀಕರ್ ಆನ್ ಇತ್ತು ಅಂತ ಗೊತ್ತಾಗೋ ಹೊತ್ತಿಗೆ ಅಮ್ಮನ ಬೈಗುಳ ಶುರುವಾಗಿತ್ತು.